ಕುರಿ-ಮೇಕೆಗೆ ಕಾಯಿಲೆ ಬಂದಾಗ: ಇಂಜೆಕ್ಷನ್ ಕೇಳುವ ಮೊದಲು ನೀವು ನೋಡಬೇಕಾದ್ದು

"ಡಾಕ್ಟ್ರೇ, ರಾತ್ರಿ ಮೂರು ಮರಿ ಸತ್ತಿವೆ. ಯಾವ ಇಂಜೆಕ್ಷನ್ ಕೊಡಲಿ?"

ಮುಂಗಾರು ಶುರುವಾದರೆ ಸಾಕು, ಈ ಪ್ರಶ್ನೆ ಬರುತ್ತಲೇ ಇರುತ್ತದೆ. ನಾನು ತಿರುಗಿ ಕೇಳುತ್ತೇನೆ: ಜ್ವರ ಎಷ್ಟಿತ್ತು? ಭೇದಿ ಇತ್ತಾ? ಬಾಯಿ ತೆರೆದು ನೋಡಿದ್ರಾ? ನಿನ್ನೆ ಎಲ್ಲಿ ಮೇಯ್ದಿದ್ದವು? ಹೋದ ಸಲ ಯಾವ ಲಸಿಕೆ ಆಗಿದೆ? ಬಹಳಷ್ಟು ಸಲ ಒಂದಕ್ಕೂ ಉತ್ತರ ಸಿಗುವುದಿಲ್ಲ. ಹಾಗಿರುವಾಗ ಕೊಡುವ ಔಷಧ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಅದಕ್ಕೇ ಇಲ್ಲಿ ಔಷಧದ ಪಟ್ಟಿಗಿಂತ ನೋಡುವ ಕ್ರಮಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ನೀವು ಸರಿಯಾಗಿ ನೋಡಿ ಹೇಳಿದರೆ ವೈದ್ಯರ ಅರ್ಧ ಕೆಲಸ ಫೋನಿನಲ್ಲೇ ಮುಗಿಯುತ್ತದೆ.

ಮನೆಯಲ್ಲಿ ಏನಿರಬೇಕು

ಒಂದು ಥರ್ಮಾಮೀಟರ್. ಮನುಷ್ಯರಿಗೆ ಬಳಸುವ ಡಿಜಿಟಲ್ ಥರ್ಮಾಮೀಟರೇ ಸಾಕು, ಆದರೆ ಕುರಿಗೆ ಅಂತ ಬೇರೆಯೇ ಇಡಿ. ತೂಗುವ ಸ್ಪ್ರಿಂಗ್ ತಕ್ಕಡಿ, ಸೂಜಿ ತೆಗೆದ 10 ಮತ್ತು 20 ಮಿಲಿ ಸಿರಿಂಜು, ಟಿಂಚರ್ ಅಯೋಡಿನ್, ಪೊಟ್ಯಾಸಿಯಂ ಪರ್ಮಾಂಗನೇಟ್, ನಾಲ್ಕಾರು ಓಆರ್‌ಎಸ್ ಪೊಟ್ಟಣ, ರಬ್ಬರ್ ಗ್ಲೌಸು. ಜೊತೆಗೆ ಒಂದು ನೋಟ್‌ಬುಕ್ಕು. ನಿಮ್ಮ ಪಶು ಆಸ್ಪತ್ರೆಯ ನಂಬರನ್ನೂ, ಸಂಚಾರಿ ಪಶು ಚಿಕಿತ್ಸಾ ವಾಹನ ಕರೆಯುವ 1962 ಸಹಾಯವಾಣಿಯನ್ನೂ ಅದರ ಮೊದಲ ಪುಟದಲ್ಲೇ ಬರೆದಿಡಿ.

1. ಬೆಳಿಗ್ಗೆ ರೊಪ್ಪದ ಬಾಗಿಲು ತೆಗೆಯುವ ಮೊದಲು ನೋಡಿ

ಹಿಂಡು ಹೊರಗೆ ಹೋದ ಮೇಲೆ ಕಾಯಿಲೆ ಕಾಣುವುದಿಲ್ಲ. ಕುರಿ ಸಾಯುವ ತನಕ ಗುಂಪಿನ ಜೊತೆ ನಡೆಯುವ ಪ್ರಾಣಿ. ಹಾಗಾಗಿ ಎಲ್ಲವೂ ಒಳಗಿರುವಾಗಲೇ ಐದು ನಿಮಿಷ ಸುಮ್ನೆ ನಿಂತು ನೋಡಿ. ಯಾವುದು ಏಳಲಿಲ್ಲ? ಯಾವುದು ಮೆಲುಕು ಹಾಕುತ್ತಿಲ್ಲ? ಯಾವುದರ ಕಿವಿ ಜೋತುಬಿದ್ದಿದೆ, ಮೂಗಿನಲ್ಲಿ ಸಿಂಬಳ ಕಟ್ಟಿದೆ, ಬಾಲದ ಸುತ್ತ ಕೊಳೆ ಮೆತ್ತಿದೆ? ನೆಲದ ಮೇಲಿನ ಹಿಕ್ಕೆ ಉಂಡೆ ಉಂಡೆಯಾಗಿದೆಯಾ, ಸಗಣಿಯಂತೆ ಮುದ್ದೆಯಾಗಿದೆಯಾ?

ಅನುಮಾನ ಬಂದದ್ದನ್ನು ಬೇರೆ ಕಟ್ಟಿ, ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡಿ. ಕುರಿ-ಮೇಕೆಗಳ ಮೈ ನಮ್ಮ ಮೈಗಿಂತ ಬಿಸಿ. 102ರಿಂದ 104 ಡಿಗ್ರಿ ಫ್ಯಾರನ್‌ಹೀಟ್ ಅವಕ್ಕೆ ಸಹಜ. ತಂಪು ಹೊತ್ತಿನಲ್ಲಿ 104 ದಾಟಿದ್ದರೆ ಅದು ಜ್ವರ. ಮಧ್ಯಾಹ್ನ ಬಿಸಿಲಲ್ಲಿ ನಡೆದು ಬಂದ ಕೂಡಲೇ ನೋಡಿದರೆ ಲೆಕ್ಕ ತಪ್ಪುತ್ತದೆ. ಕಿವಿ ಮುಟ್ಟಿ "ಬಿಸಿ ಇದೆ" ಅನ್ನುವುದು ಲೆಕ್ಕಕ್ಕೇ ಇಲ್ಲ.

2. ಇದ್ದಕ್ಕಿದ್ದಂತೆ ಸತ್ತಿದ್ದರೆ, ಮೊದಲು ಕೈ ಹಿಂದಕ್ಕೆ ತೆಗೆಯಿರಿ

ನಿನ್ನೆ ಸಂಜೆ ಚೆನ್ನಾಗಿದ್ದದ್ದು ಬೆಳಿಗ್ಗೆ ಸತ್ತಿದೆ. ಮೂಗು, ಬಾಯಿ ಅಥವಾ ಗುದದ್ವಾರದಿಂದ ಕಪ್ಪು ರಕ್ತ ಬಂದಿದೆ, ಅದು ಹೆಪ್ಪುಗಟ್ಟಿಲ್ಲ. ಹೊಟ್ಟೆ ಬೇಗ ಉಬ್ಬಿದೆ, ಕಾಲು ಸರಿಯಾಗಿ ಸೆಟೆದಿಲ್ಲ. ಇಷ್ಟು ಕಂಡರೆ ನೆರಡಿ ರೋಗ ಇರಬಹುದು. ಇದನ್ನೇ ಆಂಥ್ರಾಕ್ಸ್ ಅನ್ನುತ್ತಾರೆ. ಇದು ಮನುಷ್ಯರಿಗೂ ಬರುತ್ತದೆ, ಪ್ರಾಣವನ್ನೂ ತೆಗೆಯುತ್ತದೆ.

ಇಲ್ಲಿ ನಮ್ಮ ಹಳ್ಳಿಗಳಲ್ಲಿ ಆಗುವ ದೊಡ್ಡ ತಪ್ಪು ಒಂದೇ. "ಹೇಗೂ ಸತ್ತಿದೆ, ಮಾಂಸನಾದ್ರೂ ಆಗಲಿ" ಅಂತ ಕುಯ್ಯುವುದು. ದಯವಿಟ್ಟು ಬೇಡ. ಹೆಣವನ್ನು ಕುಯ್ದರೆ ರೋಗಾಣು ಗಾಳಿಗೆ ತೆರೆದುಕೊಂಡು ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಆಮೇಲೆ ಅದು ಆ ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿರುತ್ತದೆ. ಚರ್ಮ ಸುಲಿಯಬೇಡಿ, ನಾಯಿ ಹತ್ತಿರ ಬರದಂತೆ ನೋಡಿಕೊಳ್ಳಿ, ವೈದ್ಯರಿಗೆ ಫೋನ್ ಮಾಡಿ. ಅವರು ಒಂದು ಹನಿ ರಕ್ತ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೆರಡಿ ಅಂತ ಖಚಿತವಾದರೆ ಆರು ಅಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಹೆಣ ಬಿದ್ದಿದ್ದ ಜಾಗದ ಮೇಲ್ಮಣ್ಣೂ ಅದೇ ಗುಂಡಿಗೆ ಹೋಗಬೇಕು.

ರಕ್ತ ಬಂದಿಲ್ಲ, ಆದರೆ ಹಿಂಡಿನಲ್ಲೇ ದಪ್ಪಗಿರುವ, ಚೆನ್ನಾಗಿ ಮೇಯುವ ಮರಿಗಳು ಒಂದಾದ ಮೇಲೊಂದು ಸಾಯುತ್ತಿವೆಯಾ? ಆಗ ಮೊದಲು ನೆನಪಾಗಬೇಕಾದದ್ದು ಕರುಳುಬೇನೆ. ಆಸ್ಪತ್ರೆಯಲ್ಲಿ ಇದಕ್ಕೆ ಇ.ಟಿ. ಅನ್ನುತ್ತಾರೆ. ಕರುಳಿನಲ್ಲಿ ಮೊದಲೇ ಇರುವ ಒಂದು ಬ್ಯಾಕ್ಟೀರಿಯಾ, ಒಮ್ಮೆಲೇ ಸಮೃದ್ಧ ಮೇವು ಸಿಕ್ಕಾಗ ವಿಪರೀತ ಬೆಳೆದು ವಿಷ ಬಿಡುತ್ತದೆ. ಮೊದಲ ಮಳೆಗೆ ಚಿಗುರಿದ ಎಳೆ ಹುಲ್ಲು, ಕಾಳು ಉದುರಿದ ಕಟಾವಿನ ಹೊಲ, ಟಗರು ಕೊಬ್ಬಿಸಲು ದಿಢೀರನೆ ಹೆಚ್ಚಿಸಿದ ಜೋಳ-ಮೆಕ್ಕೆಜೋಳ, ಇವೇ ಕಾರಣ. ಮರಿ ತಲೆ ಹಿಂದಕ್ಕೆ ಎಳೆದು ಕಾಲು ಬಡಿಯುತ್ತದೆ, ಕೆಲವು ಗಂಟೆಗಳಲ್ಲಿ ಸಾಯುತ್ತದೆ. ಬಿದ್ದ ಮರಿಯನ್ನು ಉಳಿಸುವುದು ಬಹಳ ಕಷ್ಟ. ಉಳಿದವನ್ನು ಉಳಿಸಬಹುದು. ಆ ಹೊಲದಿಂದ ಈಗಲೇ ಹೊರಗೆ ತನ್ನಿ, ಎರಡು ಮೂರು ದಿನ ಒಣ ಮೇವು ಕೊಡಿ, ಕಾಳು ನಿಲ್ಲಿಸಿ, ವೈದ್ಯರನ್ನು ಕೇಳಿ ಲಸಿಕೆ ಹಾಕಿಸಿ.

ಇನ್ನೊಂದು ಇದೆ. ಬರಗಾಲದಲ್ಲಿ ಬಾಡಿದ ಎಳೆ ಜೋಳದ ಪೈರು, ಕಟಾವಾದ ಮೇಲೆ ಚಿಗುರಿದ ಜೋಳದ ಕೂಳೆ. ಇವುಗಳಲ್ಲಿ ಸಯನೈಡ್ ವಿಷ ಇರುತ್ತದೆ. ಮೇಯ್ದ ಅರ್ಧ ಗಂಟೆಯೊಳಗೆ ಏದುಸಿರು, ನಡುಕ, ಸಾವು. ಹೈಪೋ ಅಂದರೆ ಸೋಡಿಯಂ ಥಯೋಸಲ್ಫೇಟ್ ಬೇಗ ಸಿಕ್ಕರೆ ಬದುಕುತ್ತವೆ. ಹಾಗಾಗಿ ಫೋನ್ ಮಾಡುವಾಗ "ಜೋಳ ಮೇಯ್ದಿದ್ದವು" ಅನ್ನುವ ಮಾತು ಮೊದಲು ಬರಲಿ.

ಸತ್ತದ್ದನ್ನು ಹೂಳಿ ಆಮೇಲೆ ವೈದ್ಯರಿಗೆ ಹೇಳುವವರೂ ಇದ್ದಾರೆ. ನೆರಡಿ ಅಲ್ಲ ಅಂತ ಖಚಿತವಾದ ಮೇಲೆ ವೈದ್ಯರು ಮರಣೋತ್ತರ ಪರೀಕ್ಷೆ ಮಾಡಿದರೆ ಮಾತ್ರ ಉಳಿದವಕ್ಕೆ ಏನು ಮಾಡಬೇಕು ಅಂತ ಗೊತ್ತಾಗುತ್ತದೆ. ಕುರಿ-ಮೇಕೆ ಆಕಸ್ಮಿಕವಾಗಿ ಸತ್ತಾಗ ಸರ್ಕಾರ ಪರಿಹಾರ ಕೊಡುವ ಅನುಗ್ರಹ ಯೋಜನೆಗೂ ವೈದ್ಯರ ವರದಿ ಬೇಕು.

3. ಬಾಯಿ, ಮೂಗು, ಗೊರಸು: ಮೂರನ್ನೂ ಒಟ್ಟಿಗೆ ನೋಡಿ

ಜ್ವರ ಇದೆ, ಬಾಯಲ್ಲಿ ಹುಣ್ಣು ಇದೆ. ಇಷ್ಟು ಕಂಡರೆ ಜನ ಎಲ್ಲದಕ್ಕೂ "ಬಾಯಿಬೇನೆ" ಅಂದುಬಿಡುತ್ತಾರೆ. ಅದರೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಕಾಯಿಲೆಗಳಿವೆ.

ಪಿಪಿಆರ್: ಇದಕ್ಕೆ ಆಡಿನ ಪ್ಲೇಗ್ ಅಂತಲೂ ಹೆಸರಿದೆ. ಭಾರತದಲ್ಲಿ ಇದು ಮೊದಲು ಪತ್ತೆಯಾಗಿದ್ದು 1987ರಲ್ಲಿ, ಪಕ್ಕದ ತಮಿಳುನಾಡಿನ ಅರಸೂರಿನಲ್ಲಿ. ಜ್ವರ 104ರಿಂದ 106ಕ್ಕೆ ಏರುತ್ತದೆ. ಕಣ್ಣಲ್ಲಿ ಪಿಸುರು, ಮೂಗಲ್ಲಿ ಗಟ್ಟಿ ಸಿಂಬಳ, ವಸಡಿನ ಮೇಲೆ ಹೊಟ್ಟಿನಂಥ ಬಿಳಿ ಪದರ, ಕೆಟ್ಟ ವಾಸನೆ. ಎರಡು ಮೂರು ದಿನದಲ್ಲಿ ಭೇದಿ, ಆಮೇಲೆ ಕೆಮ್ಮು, ಏದುಸಿರು. ಸಾಮಾನ್ಯವಾಗಿ ಮೇಕೆಗಳಲ್ಲಿ ಜೋರು. ಒಂದರಿಂದ ಒಂದಕ್ಕೆ ಉಸಿರಿನಿಂದಲೇ ಹರಡುತ್ತದೆ.

ನೀಲಿ ನಾಲಿಗೆ: ಇದು ಹೆಚ್ಚಾಗಿ ಕುರಿಗಳದು. ಒಂದೇ ರೊಪ್ಪದಲ್ಲಿ ಕುರಿ ಮಲಗಿವೆ, ಮೇಕೆ ಆರಾಮಾಗಿವೆ ಅಂದರೆ ಮೊದಲ ಅನುಮಾನ ಇದರ ಮೇಲೆ. ತುಟಿ, ಮುಖ ಊದಿಕೊಳ್ಳುತ್ತದೆ. ಮೂಗಿನ ಮೇಲೆ ಹಕ್ಕಳೆ ಕಟ್ಟುತ್ತದೆ. ಗೊರಸಿನ ಮೇಲ್ಗಡೆ, ಚರ್ಮ ಸೇರುವ ಜಾಗದಲ್ಲಿ ಕೆಂಪು ಪಟ್ಟಿ ಕಾಣುತ್ತದೆ, ಕುಂಟುತ್ತವೆ. ಕೆಲವು ಕುರಿಗಳ ಕುತ್ತಿಗೆ ಒಂದು ಕಡೆ ತಿರುಚುತ್ತದೆ. ನಾಲಿಗೆ ನೀಲಿಯಾಗುವುದು ಕೆಲವಕ್ಕೆ ಮಾತ್ರ, ಅದಕ್ಕೆ ಕಾಯಬೇಡಿ. ಇದನ್ನು ಹರಡುವುದು ಕುರಿಯ ಉಸಿರಲ್ಲ, ಸೊಳ್ಳೆಗಿಂತ ಚಿಕ್ಕದಾದ, ರಕ್ತ ಕುಡಿಯುವ ನುಸಿ. ಅದಕ್ಕೇ ಮಳೆ ನಿಂತ ಮೇಲೆ, ಕೆಸರು ಹೆಚ್ಚಿದ್ದಾಗ ಜಾಸ್ತಿ. ಸಂಜೆ ರೊಪ್ಪದ ಸುತ್ತ ಬೇವಿನ ಸೊಪ್ಪಿನ ಹೊಗೆ ಹಾಕುವ ಹಿರಿಯರ ರೂಢಿಯನ್ನು ಬಿಡಬೇಡಿ. ಸುತ್ತ ನಿಂತ ನೀರನ್ನೂ ಹರಿಸಿ.

ಕಾಲುಬಾಯಿ ಜ್ವರ: ಊರಿನ ದನಗಳಿಗೂ ಬಂದಿರುತ್ತದೆ. ಕುರಿಗಳಲ್ಲಿ ಬಾಯಿ ಹುಣ್ಣು ಕಣ್ಣಿಗೆ ಬೀಳುವುದು ಕಡಿಮೆ, ಕುಂಟುವುದು ಜಾಸ್ತಿ. ಎಳೆ ಮರಿಗಳ ಹೃದಯಕ್ಕೇ ಹೊಡೆತ ಬಿದ್ದು, ಯಾವ ಲಕ್ಷಣವೂ ಇಲ್ಲದೆ ಸಾಯಬಹುದು.

ಮೂತಿ ಹುಣ್ಣು: ತುಟಿಯ ಸುತ್ತ ದಪ್ಪ ಕಪ್ಪು ಹಕ್ಕಳೆ, ಜ್ವರ ಇಲ್ಲ ಅನ್ನುವಷ್ಟು ಕಡಿಮೆ. ಮರಿಗಳಲ್ಲಿ ಹೆಚ್ಚು. ಮರಿಯಿಂದ ತಾಯಿಯ ಕೆಚ್ಚಲಿಗೂ, ನಿಮ್ಮ ಕೈಗೂ ಹತ್ತುತ್ತದೆ. ಗ್ಲೌಸು ಹಾಕಿಕೊಳ್ಳಿ. ಹಕ್ಕಳೆ ಕೀಳಬೇಡಿ.

ಇವಲ್ಲದೆ ಬಾಲದ ಅಡಿ, ಕಂಕುಳು, ಕೆಚ್ಚಲಂಥ ಕೂದಲಿಲ್ಲದ ಕಡೆ ಗಟ್ಟಿ ಗುಳ್ಳೆ ಎದ್ದರೆ ಅದು ಸಿಡುಬು.

ಈ ಎಲ್ಲವೂ ವೈರಸ್‌ನಿಂದ ಬರುವ ಕಾಯಿಲೆಗಳು. ವೈರಸ್ ಸಾಯಿಸುವ ಇಂಜೆಕ್ಷನ್ ಇಲ್ಲ. ಹಾಗಾದರೆ ವೈದ್ಯರು ಆಂಟಿಬಯಾಟಿಕ್ ಯಾಕೆ ಕೊಡುತ್ತಾರೆ? ಸೋತ ಮೈಗೆ ಬ್ಯಾಕ್ಟೀರಿಯಾ ಸೇರಿ ನ್ಯುಮೋನಿಯಾ ಆಗದಿರಲಿ ಅಂತ. ಉಳಿದದ್ದು ಆರೈಕೆ, ಅದು ನಿಮ್ಮ ಕೈಯಲ್ಲಿದೆ. ಒಂದು ಲೀಟರ್ ನೀರಿಗೆ ಒಂದು ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸಿ ದಿನಕ್ಕೆ ಎರಡು ಸಲ ಬಾಯಿ ತೊಳೆಯಿರಿ. ಹುಣ್ಣಿಗೆ ಬೋರಿಕ್ ಪುಡಿ ಕಲಸಿದ ಗ್ಲಿಸರಿನ್ ಹಚ್ಚಿ. ಭೇದಿ ಇದ್ದರೆ ಓಆರ್‌ಎಸ್ ನೀರನ್ನು ಸ್ವಲ್ಪ ಸ್ವಲ್ಪವಾಗಿ, ಹತ್ತಾರು ಸಲ ಕುಡಿಸಿ. ತೆಳುವಾದ ರಾಗಿ ಗಂಜಿ, ಮೆತ್ತನೆಯ ಸೊಪ್ಪು ಕೊಡಿ. ಪಿಪಿಆರ್ ಬಂದ ಎಷ್ಟೋ ಮೇಕೆಗಳು ವೈರಸ್‌ಗಿಂತ ನೀರಿಲ್ಲದೆ ಸೊರಗಿ ಸಾಯುತ್ತವೆ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

4. ಜ್ವರ ಇಲ್ಲ, ಆದರೆ ದಿನೇ ದಿನೇ ಸೊರಗುತ್ತಿದ್ದರೆ: ಹುಳು

ದೊಡ್ಡ ರೋಗಗಳ ಗದ್ದಲದಲ್ಲಿ ನಾವು ಮರೆಯುವುದು ಇದನ್ನೇ. ನನ್ನ ಪ್ರಕಾರ ಕುರಿ ಸಾಕುವವರ ಲಾಭವನ್ನು ವರ್ಷವಿಡೀ ತಿನ್ನುವುದು ಜಂತುಹುಳು.

ಇವುಗಳಲ್ಲಿ ಕೆಟ್ಟದ್ದು ಹಿಮಾಂಕಸ್ ಅನ್ನುವ ರಕ್ತ ಹೀರುವ ಹುಳು. ಇದು ನಾಲ್ಕನೇ ಹೊಟ್ಟೆಯಲ್ಲಿ ಇರುತ್ತದೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿ ರಕ್ತ ಕುಡಿಯುತ್ತದೆ. ಸಾವಿರ ಹುಳು ಇದ್ದರೆ ದಿನಕ್ಕೆ 50 ಮಿಲಿ. ಒಂದು ಹೆಣ್ಣು ಹುಳು ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಅವು ಹಿಕ್ಕೆಯ ಜೊತೆ ಹುಲ್ಲಿಗೆ ಬಿದ್ದು, ಮಳೆಯ ತೇವದಲ್ಲಿ ಮರಿಯಾಗಿ, ಮತ್ತೆ ಕುರಿಯ ಬಾಯಿಗೇ ಹೋಗುತ್ತವೆ.

ಪತ್ತೆ ಮಾಡಲು ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದು ಒಳಗಿನ ಬಣ್ಣ ನೋಡಿ. ಕೆಂಪಗಿದ್ದರೆ ಪರವಾಗಿಲ್ಲ. ತಿಳಿ ಗುಲಾಬಿ ಆಗಿದ್ದರೆ ಎಚ್ಚರ. ಕಾಗದದಂತೆ ಬಿಳಿಚಿದ್ದರೆ ಇವತ್ತೇ ಚಿಕಿತ್ಸೆ. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕಾಗಿಯೇ ಫಮಾಚಾ ಅನ್ನುವ ಬಣ್ಣದ ಕಾರ್ಡ್ ಮಾಡಿದರು. ಐದು ಬಣ್ಣಗಳಲ್ಲಿ ಯಾವುದಕ್ಕೆ ಹೋಲುತ್ತದೆ ಅಂತ ನೋಡಿ ಔಷಧ ಕೊಡುವ ಕ್ರಮ ಅದು. ದವಡೆಯ ಕೆಳಗೆ ಮೆತ್ತನೆಯ ನೀರಿನ ಚೀಲದಂತೆ ಊದಿದ್ದರೆ ಹಿಮಾಂಕಸ್ ಅಥವಾ ಯಕೃತ್ತಿನ ಎಲೆಹುಳು ಇರಬಹುದು. ಎಲೆಹುಳು ಬಸವನಹುಳುವಿನ ಮೂಲಕ ಬರುತ್ತದೆ. ಹಾಗಾಗಿ ಕೆರೆ ಅಂಗಳ, ಗದ್ದೆ ಬದುಗಳಲ್ಲಿ ಮೇಯುವ ಹಿಂಡಿಗೆ ಜಾಸ್ತಿ.

ಔಷಧ ಕೊಡುವ ಮೊದಲು ನಾಲ್ಕೈದು ಕುರಿಗಳ ಹೊಸ ಹಿಕ್ಕೆಯನ್ನು ಬೇರೆ ಬೇರೆ ಕವರಿನಲ್ಲಿ ಹಾಕಿ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಯಾವ ಹುಳುವಿನ ಮೊಟ್ಟೆ ಅಂತ ಗೊತ್ತಾದರೆ ಔಷಧ ಆರಿಸುವುದು ಸುಲಭ. ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್ ದುಂಡು ಹುಳುಗಳಿಗೆ. ಆಕ್ಸಿಕ್ಲೊಜನೈಡ್ ಬಲಿತ ಎಲೆಹುಳುವಿಗೆ. ಎಳೆಯ ಎಲೆಹುಳುವಿಗೂ ಆಗುವುದು ಟ್ರೈಕ್ಲಾಬೆಂಡಜೋಲ್.

ಅಳತೆಯಲ್ಲೇ ಹೆಚ್ಚು ಜನ ಎಡವುತ್ತಾರೆ. ಒಂದು ಲೆಕ್ಕ ಹೇಳುತ್ತೇನೆ. ಆಲ್ಬೆಂಡಜೋಲ್ ಕುರಿಗೆ ಕಿಲೋ ತೂಕಕ್ಕೆ 7.5 ಮಿಲಿಗ್ರಾಂ ಅಂತ ವೈದ್ಯರು ಬರೆದಿದ್ದಾರೆ ಅಂದುಕೊಳ್ಳಿ. 25 ಕಿಲೋ ಕುರಿಗೆ 187.5 ಮಿಲಿಗ್ರಾಂ ಆಯಿತು. ಬಾಟಲಿ ಮೇಲೆ 2.5 ಪರ್ಸೆಂಟ್ ಅಂತ ಇದ್ದರೆ ಒಂದು ಮಿಲಿಯಲ್ಲಿ 25 ಮಿಲಿಗ್ರಾಂ ಔಷಧ ಇರುತ್ತದೆ. ಅಂದರೆ ಏಳೂವರೆ ಮಿಲಿ ಕುಡಿಸಬೇಕು. ಮೇಕೆಯ ದೇಹ ಈ ಔಷಧವನ್ನು ಬೇಗ ಹೊರಹಾಕುತ್ತದೆ. ಹಾಗಾಗಿ ಅದಕ್ಕೆ ಕಿಲೋಗೆ 10 ಮಿಲಿಗ್ರಾಂ ಬೇಕಾಗುತ್ತದೆ. 20 ಕಿಲೋ ಮೇಕೆಗೆ 8 ಮಿಲಿ. ನೋಡಿ, ಚಿಕ್ಕ ಮೇಕೆಗೆ ದೊಡ್ಡ ಕುರಿಗಿಂತ ಜಾಸ್ತಿ! "ಎಲ್ಲಕ್ಕೂ ಐದೈದು ಮಿಲಿ" ಅಂತ ಕೊಟ್ಟರೆ ಗಟ್ಟಿ ಹುಳುಗಳು ಬದುಕಿ, ಮುಂದೆ ಆ ಔಷಧವೇ ನಾಟದಂತೆ ಆಗುತ್ತದೆ.

ಇನ್ನು ಮೂರು ಎಚ್ಚರಿಕೆ. ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಬೇಡ, ಮರಿಗೆ ತೊಂದರೆ ಆಗುತ್ತದೆ. ಹುಳುವಿನ ಇನ್ನೊಂದು ಔಷಧ ಕ್ಲೊಸಾಂಟೆಲ್ ಅಳತೆ ಮೀರಿದರೆ ಕುರಿ ಕುರುಡಾಗಬಹುದು, ಹಾಗಾಗಿ ತೂಗದೆ ಕೊಡಲೇಬೇಡಿ. ಉಣ್ಣಿ ಹುಳು, ಕಜ್ಜಿಗೆ ಬಳಸುವ 1 ಪರ್ಸೆಂಟ್ ಐವರ್ಮೆಕ್ಟಿನ್ ಇಂಜೆಕ್ಷನ್ 50 ಕಿಲೋ ತೂಕಕ್ಕೆ ಒಂದು ಮಿಲಿ, 25 ಕಿಲೋ ಕುರಿಗೆ ಬರೀ ಅರ್ಧ ಮಿಲಿ. ಅದೂ ಚರ್ಮದ ಕೆಳಗೆ.

ಕುಡಿಸುವಾಗ ತಲೆಯನ್ನು ಆಕಾಶಕ್ಕೆ ಎತ್ತಿ ಹಿಡಿಯಬೇಡಿ. ಔಷಧ ಶ್ವಾಸಕೋಶಕ್ಕೆ ಹೋಗಿ, ಎರಡು ದಿನದಲ್ಲಿ ನ್ಯುಮೋನಿಯಾ ಆಗಿ ಸಾಯುತ್ತದೆ. ಕಾಯಿಲೆಯೇ ಇಲ್ಲದ ಕುರಿಯನ್ನು ನಾವೇ ಕೊಂದ ಹಾಗೆ ಅಲ್ವಾ? ಮೂತಿ ನೆಲಕ್ಕೆ ಸಮನಾಗಿರಲಿ. ಸಿರಿಂಜನ್ನು ಬಾಯಿಯ ಪಕ್ಕದಿಂದ ಹಾಕಿ ನಿಧಾನವಾಗಿ ಬಿಡಿ. ಕೆಮ್ಮಿದರೆ ತಕ್ಷಣ ತಲೆ ಬಿಟ್ಟುಬಿಡಿ.

ಒಂದರಿಂದ ನಾಲ್ಕು ತಿಂಗಳ ಮರಿಗೆ ರಕ್ತ ಬೆರೆತ ಭೇದಿ ಆದರೆ ಅದು ಕಾಕ್ಸಿಡಿಯಾ ಇರಬಹುದು. ಇದು ಹುಳು ಅಲ್ಲ, ಕಣ್ಣಿಗೆ ಕಾಣದ ಜೀವಿ. ಜಂತಿನ ಔಷಧ ಇದಕ್ಕೆ ಕೆಲಸ ಮಾಡುವುದಿಲ್ಲ. ಸಲ್ಫಾ ಅಥವಾ ಆಂಪ್ರೋಲಿಯಂ ಬೇಕು, ಮರಿಗಳ ಜಾಗ ಒಣಗಿರಬೇಕು.

5. ಕುಂಟುವುದು, ಸುತ್ತುವುದು, ಕಂದು ಹಾಕುವುದು

ಮಳೆಗಾಲದಲ್ಲಿ ಗೊರಸಿನ ಸಂದು ಕೊಳೆತು ವಾಸನೆ ಬಂದರೆ ಬೆಳೆದ ಗೊರಸು ಕತ್ತರಿಸಿ, 10 ಲೀಟರ್ ನೀರಿಗೆ ಒಂದು ಕಿಲೋ ಜಿಂಕ್ ಸಲ್ಫೇಟ್ ಕರಗಿಸಿ ಅದರಲ್ಲಿ ಕೆಲವು ನಿಮಿಷ ನಿಲ್ಲಿಸಿ, ಆಮೇಲೆ ಒಣ ನೆಲಕ್ಕೆ ಬಿಡಿ. ಮೈಲುತುತ್ತದ ನೀರು ಬಳಸಿದರೆ ಕುಡಿಯದಂತೆ ನೋಡಿಕೊಳ್ಳಿ. ಅದರಲ್ಲಿರುವ ತಾಮ್ರ ಕುರಿಗೆ ವಿಷ.

ಕುರಿ ಒಂದೇ ಕಡೆಗೆ ಗಿರಗಿರ ಸುತ್ತುತ್ತಿದ್ದರೆ ಮಿದುಳಿನಲ್ಲಿ ಲಾಡಿಹುಳುವಿನ ನೀರ್ಗುಳ್ಳೆ ಇರಬಹುದು. ಇದರ ಮೂಲ ನಿಮ್ಮ ಕಾವಲು ನಾಯಿ. ಸತ್ತ ಕುರಿಯ ತಲೆಯನ್ನು ನಾಯಿಗೆ ಹಾಕಬೇಡಿ, ನಾಯಿಗೆ ಲಾಡಿಹುಳುವಿನ ಔಷಧ ಪ್ರಾಜಿಕ್ವಾಂಟೆಲ್ ಕೊಡಿಸಿ.

ಒಂದಾದ ಮೇಲೊಂದು ಕಂದು ಹಾಕುತ್ತಿದ್ದರೆ ಬ್ರುಸೆಲ್ಲಾ ಪರೀಕ್ಷೆ ಮಾಡಿಸಿ. ಇದು ಕಂದು ಹಾಕಿಸುವ, ಮನುಷ್ಯರಿಗೂ ಹತ್ತುವ ಬ್ಯಾಕ್ಟೀರಿಯಾ. ಬಿದ್ದ ಕಂದು, ಮಾಸು ಬರಿಗೈಯಲ್ಲಿ ಮುಟ್ಟಬೇಡಿ. ಮನೆಯ ಬಸುರಿ ಹೆಂಗಸರು ಅತ್ತ ಹೋಗುವುದೇ ಬೇಡ. ಹಾಲು ಕುದಿಸದೆ ಕುಡಿಯಬೇಡಿ.

6. ಅಂಗಡಿ ಔಷಧದ ವಿಷಯ

ಮೊದಲ ದಿನ ಅಂಗಡಿಯ ಇಂಜೆಕ್ಷನ್, ಎರಡನೇ ದಿನ ಇನ್ನೊಂದು, ನಾಲ್ಕನೇ ದಿನ ಆಸ್ಪತ್ರೆ. ಅಷ್ಟು ಹೊತ್ತಿಗೆ ಯಾವ ಔಷಧಕ್ಕೂ ಜಾಗ ಉಳಿದಿರುವುದಿಲ್ಲ. ಆಂಟಿಬಯಾಟಿಕ್ ಶುರು ಮಾಡಿದರೆ ವೈದ್ಯರು ಹೇಳಿದಷ್ಟು ದಿನ ಪೂರ್ತಿ ಕೊಡಿ. ಬಾಟಲಿ ಮೇಲೆ ಬರೆದಷ್ಟು ದಿನ ಆ ಪ್ರಾಣಿಯ ಹಾಲು, ಮಾಂಸ ಬಳಸಬಾರದು.

ಜ್ವರ, ನೋವಿಗೆ ಡೈಕ್ಲೋಫೆನಾಕ್ ಯಾರಾದರೂ ಕೊಟ್ಟರೆ ಬೇಡ ಅನ್ನಿ. ಪ್ರಾಣಿಗಳಿಗೆ ಅದನ್ನು 2006ರಲ್ಲೇ ನಿಷೇಧಿಸಲಾಗಿದೆ. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ಆ ಪಟ್ಟಿಗೆ ಸೇರಿದವು. ಈ ಔಷಧ ತೆಗೆದುಕೊಂಡು ಸತ್ತ ಪ್ರಾಣಿಯನ್ನು ತಿಂದ ರಣಹದ್ದು ಮೂತ್ರಪಿಂಡ ಕೆಟ್ಟು ಸಾಯುತ್ತದೆ. ರಾಮನಗರದ ರಾಮದೇವರಬೆಟ್ಟದಲ್ಲಿ ಉಳಿದಿರುವ ಬೆರಳೆಣಿಕೆಯ ಹದ್ದುಗಳು ನಮ್ಮ ಕೈಯ ಸೂಜಿಯಿಂದ ಹೋಗಬಾರದು. ಮೆಲಾಕ್ಸಿಕಾಂ ಇದೆ, ಅದು ಹದ್ದಿಗೆ ಸುರಕ್ಷಿತ. ಅದನ್ನೇ ಕೇಳಿ.

7. ಲಸಿಕೆ: ಕಾಯಿಲೆ ಬಂದ ಮೇಲಲ್ಲ, ಬರುವ ಮೊದಲು

ಲಸಿಕೆ ಕೆಲಸ ಶುರುಮಾಡಲು ಎರಡು ಮೂರು ವಾರ ಬೇಕು. ಹಾಗಾಗಿ ಮುಂಗಾರಿನ ಕಾಯಿಲೆಗೆ ಮೇ ತಿಂಗಳಲ್ಲೇ ಹಾಕಿಸಿರಬೇಕು.

ಕರುಳುಬೇನೆಗೆ ಮೂರು ತಿಂಗಳ ಮರಿಯಿಂದ. ಮೊದಲ ಸಲ ಹಾಕಿಸಿದ 15ರಿಂದ 21 ದಿನದಲ್ಲಿ ಎರಡನೇ ಡೋಸ್ ಕಡ್ಡಾಯ. ಬಹಳಷ್ಟು ಜನ ಇದನ್ನೇ ಬಿಡುತ್ತಾರೆ, ಆಮೇಲೆ "ಲಸಿಕೆ ಹಾಕಿಸಿದ್ರೂ ಸತ್ತವು" ಅನ್ನುತ್ತಾರೆ. ನಂತರ ವರ್ಷಕ್ಕೊಮ್ಮೆ, ಮಳೆಗೆ ಮೊದಲು. ಗಬ್ಬದ ಕುರಿಗೆ ಈಯುವ ಮೂರು ನಾಲ್ಕು ವಾರ ಮೊದಲು ಇದನ್ನು ಹಾಕಿಸಿದರೆ ರಕ್ಷಣೆ ಗಿಣ್ಣುಹಾಲಿನ ಮೂಲಕ ಮರಿಗೂ ಸಿಗುತ್ತದೆ. ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಬೇಕು ಅನ್ನುವುದು ಅದಕ್ಕೇ. ಹೊಕ್ಕುಳಿಗೆ ಅಯೋಡಿನ್ ಕೂಡ ಆಗಲೇ.

ಪಿಪಿಆರ್‌ಗೆ ಮೂರು ನಾಲ್ಕು ತಿಂಗಳು ದಾಟಿದ ಮೇಲೆ 1 ಮಿಲಿ, ಚರ್ಮದ ಕೆಳಗೆ. ರಕ್ಷಣೆ ಮೂರು ವರ್ಷ ಇರುತ್ತದೆ. ಆದರೆ ಪ್ರತಿ ವರ್ಷ ಹುಟ್ಟುವ ಮರಿಗಳನ್ನು ಮರೆಯಬೇಡಿ. ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ. ಗಳಲೆ ರೋಗಕ್ಕೆ, ಅಂದರೆ ಗಂಟಲು ಊದಿ ಉಸಿರು ಕಟ್ಟುವ ಕಾಯಿಲೆಗೆ, ಮಳೆಗೆ ಮೊದಲು ವರ್ಷಕ್ಕೊಮ್ಮೆ. ಸಿಡುಬಿಗೂ ವರ್ಷಕ್ಕೊಮ್ಮೆ. ನೀಲಿ ನಾಲಿಗೆಗೆ ಎರಡು ಡೋಸ್, ಮಳೆಗಾಲಕ್ಕೆ ಮೊದಲೇ. ನೆರಡಿ ಲಸಿಕೆ ಹಿಂದೆ ಆ ರೋಗ ಬಂದ ಊರುಗಳಿಗೆ ಮಾತ್ರ.

ಲಸಿಕೆ ವ್ಯರ್ಥವಾಗುವುದು ಹೆಚ್ಚಾಗಿ ದಾರಿಯಲ್ಲಿ. ಪಿಪಿಆರ್, ಸಿಡುಬಿನ ಲಸಿಕೆಯಲ್ಲಿ ಜೀವಂತ ವೈರಸ್ ಇರುತ್ತದೆ, ಬಿಸಿಗೆ ಸಾಯುತ್ತದೆ. ಐಸ್ ಇರುವ ಡಬ್ಬದಲ್ಲೇ ತರಬೇಕು, ಅದರ ಜೊತೆ ಕೊಟ್ಟ ದ್ರಾವಣದಲ್ಲೇ ಕಲಸಬೇಕು, ಕಲಸಿದ ಎರಡು ಗಂಟೆಯೊಳಗೆ ಮುಗಿಸಬೇಕು. ಸಿರಿಂಜನ್ನು ಸ್ಪಿರಿಟ್‌ನಲ್ಲಿ ತೊಳೆದರೆ ಲಸಿಕೆಯೇ ಸತ್ತುಹೋಗುತ್ತದೆ. ಇಡೀ ಹಿಂಡಿಗೆ ಒಂದೇ ಸೂಜಿ ಬಳಸಬೇಡಿ. ಜ್ವರ ಬಂದದ್ದಕ್ಕೆ, ತೀರಾ ಸೊರಗಿದ್ದಕ್ಕೆ ಆ ದಿನ ಹಾಕಿಸಬೇಡಿ. ಎರಡು ವಾರ ಮೊದಲೇ ಜಂತಿನ ಔಷಧ ಕೊಟ್ಟಿದ್ದರೆ ಒಳ್ಳೆಯದು.

8. ಸಂತೆಯಿಂದ ತಂದದ್ದನ್ನು ನೇರ ರೊಪ್ಪಕ್ಕೆ ಬಿಡಬೇಡಿ

ಪಿಪಿಆರ್ ಎಷ್ಟೋ ಊರಿಗೆ ಬಂದದ್ದು ಹೀಗೆಯೇ. ಸಂತೆಯಲ್ಲಿ ಚೆನ್ನಾಗಿ ಕಂಡ ಮೇಕೆಗೆ ನಾಲ್ಕೈದು ದಿನ ಬಿಟ್ಟು ಜ್ವರ ಶುರುವಾಗುತ್ತದೆ. ಹೊಸದನ್ನು 21 ದಿನ ಬೇರೆ ಕಟ್ಟಿ. ಮೇವು, ನೀರಿನ ಪಾತ್ರೆ ಬೇರೆ. ಮೊದಲು ಹಳೆಯ ಹಿಂಡಿನ ಕೆಲಸ ಮುಗಿಸಿ, ಹೊಸದರ ಹತ್ತಿರ ಕೊನೆಗೆ ಹೋಗಿ. ಮೊದಲ ವಾರ ದಿನಾ ಬೆಳಿಗ್ಗೆ ಜ್ವರ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆ ಮೂರು ವಾರದಲ್ಲೇ ಹಿಕ್ಕೆ ಪರೀಕ್ಷೆ ಮಾಡಿಸಿ, ಜಂತಿನ ಔಷಧ, ಬಾಕಿ ಲಸಿಕೆ ಮುಗಿಸಿ. 22ನೇ ದಿನ ಜ್ವರ, ಭೇದಿ, ಕೆಮ್ಮು ಏನೂ ಇಲ್ಲದಿದ್ದರೆ ಹಿಂಡಿಗೆ ಬಿಡಿ.